ಬಲೆ ಕಟ್ಟಿದ ಕೋಲಿನ ಆಟ: ಲ್ಯಾಕ್ರಾಸ್ ಕಲಿಯುವ ಹೊಸಬರಿಗೆ

ಅಂಕೋಲೆಯ ಕಡೆ ಕರಿ ಈಶಾಡು ಮಾವಿನ ಹಣ್ಣು ಕೊಯ್ಯುವವರನ್ನು ನೋಡಿದ್ದರೆ ಲ್ಯಾಕ್ರಾಸ್ ಕೋಲು ಹೇಗಿರುತ್ತದೆಂದು ನಿಮಗೆ ಅರ್ಧ ಗೊತ್ತಿದ್ದಂತೆ. ಉದ್ದನೆಯ ಗಳು, ಅದರ ತುದಿಗೆ ಒಂದು ಬಳೆ, ಬಳೆಗೆ ಕಟ್ಟಿದ ಬಲೆಯ ಚೀಲ. ಹಣ್ಣು ನೆಲಕ್ಕೆ ಬಿದ್ದು ಜಜ್ಜಿಹೋಗದಂತೆ ಆ ಚೀಲ ಅದನ್ನು ಮೆತ್ತಗೆ ಒಳಕ್ಕೆ ತೆಗೆದುಕೊಳ್ಳುತ್ತದೆ. ಗಳುವನ್ನು ಒಂದು ಮೀಟರಿಗೆ ಇಳಿಸಿ, ಬಳೆಯನ್ನು ತ್ರಿಕೋನದಂತೆ ಬಾಗಿಸಿ, ಹಣ್ಣಿನ ಜಾಗದಲ್ಲಿ ಓಡುತ್ತ ಬರುವ ರಬ್ಬರ್ ಚೆಂಡನ್ನು ಇಟ್ಟುಕೊಂಡರೆ ಆಟದ ಮುಖ್ಯ ಸಲಕರಣೆ ತಯಾರು. ಆ ಬಲೆಯಿಂದಲೇ ಚೆಂಡನ್ನು ಹಿಡಿದು, ಒಬ್ಬರಿಂದ ಒಬ್ಬರಿಗೆ ಎಸೆದು, ಎದುರಾಳಿಯ ಗೋಲಿಗೆ ಹಾಕುವ ತಂಡದ ಆಟವೇ ಲ್ಯಾಕ್ರಾಸ್.

ನಾನು ಕಾರವಾರದ ಹತ್ತಿರದ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಕ. 2023ರ ಅಕ್ಟೋಬರಿನಲ್ಲಿ ಮುಂಬೈಯಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧಿವೇಶನ 2028ರ ಲಾಸ್ ಏಂಜಲೀಸ್ ಕೂಟಕ್ಕೆ ಐದು ಆಟಗಳನ್ನು ಸೇರಿಸಿತು. ಕ್ರಿಕೆಟ್ ಬಂತೆಂದು ಎಲ್ಲರೂ ಸಂಭ್ರಮಿಸಿದರು. ಅದೇ ಪಟ್ಟಿಯಲ್ಲಿ ಬೇಸ್‌ಬಾಲ್-ಸಾಫ್ಟ್‌ಬಾಲ್, ಫ್ಲ್ಯಾಗ್ ಫುಟ್‌ಬಾಲ್, ಸ್ಕ್ವಾಷ್ ಜೊತೆಗೆ ಲ್ಯಾಕ್ರಾಸ್ ಕೂಡ ಇತ್ತು. ಪತ್ರಿಕೆ ಓದಿದ ಎಂಟನೆಯ ತರಗತಿಯ ಹುಡುಗಿಯೊಬ್ಬಳು, "ಮಾಸ್ತರೇ, ಈ ಆಟ ಹೇಗೆ ಆಡುವುದು?" ಎಂದು ಕೇಳಿದಳು. ಉತ್ತರ ಕೊಡಲು ನಾನು ಕಲಿಯಬೇಕಾಯಿತು. ಕಲಿಯುತ್ತ ಕಲಿಯುತ್ತ ಈ ಆಟದ ಮೇಲೆ ನನಗೆ ಪ್ರೀತಿಯೇ ಹುಟ್ಟಿತು.

ಮೊದಲ ತಿಂಗಳು ನಾನು ತಪ್ಪು ದಾರಿ ಹಿಡಿದೆ. ಮಕ್ಕಳ ಕೈಗೆ ಕೋಲು ಕೊಟ್ಟವನೇ ಎರಡು ತಂಡ ಮಾಡಿ ಪಂದ್ಯಕ್ಕೆ ಬಿಟ್ಟೆ. ಯಾರಿಗೂ ಚೆಂಡು ಹಿಡಿಯಲು ಬರುತ್ತಿರಲಿಲ್ಲ. ಅದು ಸದಾ ನೆಲದ ಮೇಲೆಯೇ ಉರುಳುತ್ತಿತ್ತು, ಹನ್ನೆರಡು ಮಕ್ಕಳು ಅದರ ಸುತ್ತ ಮುಗಿಬಿದ್ದು ಒಬ್ಬರ ಮೊಣಕಾಲಿಗೆ ಇನ್ನೊಬ್ಬರು ಬಡಿಯುತ್ತಿದ್ದರು. ಮೂರನೆಯ ದಿನ ಪಂದ್ಯ ನಿಲ್ಲಿಸಿ ಎಲ್ಲರನ್ನೂ ಗೋಡೆಯ ಮುಂದೆ ನಿಲ್ಲಿಸಿದೆ. ಅದಕ್ಕಾಗಿಯೇ ಈ ಬರಹದಲ್ಲಿ ಪಂದ್ಯ ಕೊನೆಗೆ ಬರುತ್ತದೆ. ಮೊದಲು ಕೈ ಮೆತ್ತಗಾಗಬೇಕು, ಓಟ ಆಮೇಲೆ.

ಆಟ ಎಲ್ಲಿಂದ ಬಂತು

ಉತ್ತರ ಅಮೆರಿಕದ ಮೂಲನಿವಾಸಿಗಳು ಈ ಆಟವನ್ನು ಯುರೋಪಿನವರು ಅಲ್ಲಿಗೆ ಕಾಲಿಡುವ ಬಹಳ ಮೊದಲೇ ಆಡುತ್ತಿದ್ದರು. ಇಂದಿನ ನ್ಯೂಯಾರ್ಕ್ ರಾಜ್ಯ ಮತ್ತು ಕೆನಡಾದ ಗಡಿಯ ಸುತ್ತ ಇರುವ ಹೌಡೆನೊಶೊನಿ ಜನರಿಗೆ ಇದು ಸೃಷ್ಟಿಕರ್ತನಿಗೆ ಪ್ರಿಯವಾದ ಆಟ, ಮನುಷ್ಯರನ್ನು ಗುಣಪಡಿಸುವ ಆಟ. ಕಾಯಿಲೆ ಬಿದ್ದವರಿಗಾಗಿ ಊರಿನವರು ಸೇರಿ ಆಡುವ ರೂಢಿ ಇಂದಿಗೂ ಇದೆ. ಹರಕೆಯ ಆಟ ಆಡಿಸುವ ನಮ್ಮ ಕರಾವಳಿಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ನಮ್ಮಲ್ಲಿ ಯಕ್ಷಗಾನದ ಬಯಲಾಟ ಮಾಡುವ ಕೆಲಸವನ್ನು ಅಲ್ಲಿ ಕೋಲು-ಚೆಂಡು ಮಾಡುತ್ತಿತ್ತು. ಆಗಿನ ದೊಡ್ಡ ಪಂದ್ಯಗಳಲ್ಲಿ ಪ್ರತಿ ಬದಿಗೆ ನೂರಾರು ಜನ ಇರುತ್ತಿದ್ದರು. ಗೋಲುಗಳ ನಡುವೆ ಮೈಲಿಗಟ್ಟಲೆ ದೂರ ಇರುತ್ತಿದ್ದುದೂ ಉಂಟು.

17ನೆಯ ಶತಮಾನದಲ್ಲಿ ಅಲ್ಲಿಗೆ ಹೋದ ಫ್ರೆಂಚ್ ಪಾದ್ರಿಗಳು ಈ ಕೋಲನ್ನು ಕಂಡು ‘ಲಾ ಕ್ರಾಸ್’ ಎಂದು ಬರೆದರು, ಹೆಸರು ಉಳಿದುಕೊಂಡಿತು. 1856ರಲ್ಲಿ ಮಾಂಟ್ರಿಯಲ್‌ನಲ್ಲಿ ಮೊದಲ ಕ್ಲಬ್ ಹುಟ್ಟಿತು. 1867ರಲ್ಲಿ ಅದೇ ಊರಿನ ದಂತವೈದ್ಯ ವಿಲಿಯಂ ಜಾರ್ಜ್ ಬಿಯರ್ಸ್ ಲಿಖಿತ ನಿಯಮಗಳನ್ನು ಕಟ್ಟಿಕೊಟ್ಟರು. ಜಿಂಕೆಯ ಚರ್ಮದ ಚೆಂಡು ಹೋಗಿ ರಬ್ಬರ್ ಚೆಂಡು ಬಂದದ್ದೂ ಅವರ ಕಾಲದಲ್ಲಿಯೇ. 1904 ಮತ್ತು 1908ರ ಒಲಿಂಪಿಕ್ಸ್‌ಗಳಲ್ಲಿ ಲ್ಯಾಕ್ರಾಸ್ ಪದಕದ ಆಟವಾಗಿತ್ತು. ಎರಡೂ ಸಲ ಚಿನ್ನ ಕೆನಡಾಕ್ಕೆ. 1928, 1932 ಮತ್ತು 1948ರಲ್ಲಿ ಪ್ರದರ್ಶನಕ್ಕಷ್ಟೇ ಆಡಿಸಿದರು. ಆಟ ಕೊಟ್ಟ ಹೌಡೆನೊಶೊನಿ ಜನ ಇಂದಿಗೂ ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲಿ ತಮ್ಮದೇ ಹೆಸರಿನಲ್ಲಿ, ತಮ್ಮದೇ ಬಾವುಟದ ಕೆಳಗೆ ಆಡುತ್ತಾರೆ. ಒಲಿಂಪಿಕ್ಸ್‌ನಲ್ಲಿಯೂ ಹಾಗೆ ಆಡಲು ಬಿಡಿ ಎಂದು ಅವರು ಕೇಳುತ್ತ ಬಂದಿದ್ದಾರೆ. ಆ ಅವಕಾಶ ಅವರಿಗೆ ಸಿಗಬೇಕೆಂದು ನಾನು ಮನಸಾರೆ ಬಯಸುತ್ತೇನೆ.

ಯಾವ ಬಗೆಯನ್ನು ಕಲಿಯಬೇಕು

ಲ್ಯಾಕ್ರಾಸ್‌ನಲ್ಲಿ ಮೂರು ಮುಖ್ಯ ಬಗೆಗಳಿವೆ. ದೊಡ್ಡ ಮೈದಾನದ್ದು ಹಳೆಯದು: ಬದಿಗೆ 10 ಜನ, ಸುಮಾರು 100 ಮೀಟರ್ ಉದ್ದ, 55 ಮೀಟರ್ ಅಗಲ. ಅದರ ಪುರುಷರ ಆಟದಲ್ಲಿ ಮೈಗೆ ಮೈ ತಾಗಿಸುವುದಕ್ಕೆ ಅನುಮತಿ ಇದೆ, ರಕ್ಷಣೆಯವರು ಆರು ಅಡಿಯವರೆಗಿನ ಉದ್ದ ಕೋಲು ಹಿಡಿಯುತ್ತಾರೆ. ಎರಡನೆಯದು ಕೆನಡಾದಲ್ಲಿ ಹುಟ್ಟಿದ ಒಳಾಂಗಣದ ಬಾಕ್ಸ್ ಲ್ಯಾಕ್ರಾಸ್, ಐಸ್ ಹಾಕಿ ಅಂಗಳದ ಗೋಡೆಗಳ ನಡುವೆ ಆಡುವಂಥದ್ದು. ಮೂರನೆಯದು 2021ರಲ್ಲಿ ಬಂದ ‘ಸಿಕ್ಸಸ್’. ಗೋಲ್‌ಕೀಪರ್ ಸೇರಿ ಬದಿಗೆ ಆರು ಜನ, 70 ಮೀಟರ್ ಉದ್ದ ಮತ್ತು 36 ಮೀಟರ್ ಅಗಲದ ಅಂಗಳ, ಎಂಟು ನಿಮಿಷಗಳ ನಾಲ್ಕು ಅವಧಿ. ಲಾಸ್ ಏಂಜಲೀಸ್‌ನಲ್ಲಿ ಆಡಿಸುವುದು ಇದನ್ನೇ.

ಹೊಸಬರು ಸಿಕ್ಸಸ್‌ನಿಂದಲೇ ಆರಂಭಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಒಂದು ಶಾಲೆಯಲ್ಲಿ ಹನ್ನೆರಡು ಮಕ್ಕಳನ್ನು ಸೇರಿಸುವುದು ಸುಲಭ, ಇಪ್ಪತ್ತು ಮಕ್ಕಳನ್ನು ದಿನವೂ ಸೇರಿಸುವುದು ಕಷ್ಟ. ಫುಟ್‌ಬಾಲ್ ಮೈದಾನದ ಅರ್ಧಕ್ಕಿಂತ ಕಡಿಮೆ ಜಾಗ ಸಾಕು. ಎಲ್ಲರ ಕೋಲೂ ಒಂದೇ ಅಳತೆಯದು, ಗೋಲ್‌ಕೀಪರನದು ಮಾತ್ರ ಬೇರೆ. ಎಲ್ಲಕ್ಕಿಂತ ದೊಡ್ಡ ಲಾಭವೆಂದರೆ ಪ್ರತಿಯೊಬ್ಬರಿಗೂ ಚೆಂಡು ಮತ್ತೆ ಮತ್ತೆ ಸಿಗುತ್ತದೆ. ಹತ್ತು ಜನರ ಆಟದಲ್ಲಿ ಅಂಜುಬುರುಕ ಮಗುವೊಂದು ಇಡೀ ಸಂಜೆ ಚೆಂಡು ಮುಟ್ಟದೆ ಮನೆಗೆ ಹೋಗಿಬಿಡಬಹುದು.

ಏನೇನು ಬೇಕು

ಆಟಗಾರನ ಕೋಲು ಹೆಚ್ಚುಕಡಿಮೆ ಒಂದು ಮೀಟರ್. ಪುರುಷರ ಸಣ್ಣ ಕೋಲಿನ ಅಳತೆ 40ರಿಂದ 42 ಅಂಗುಲ. ದಂಡ ಅಲ್ಯೂಮಿನಿಯಂ ಅಥವಾ ಕಾರ್ಬನ್ನಿನದು, ತಲೆ ಪ್ಲಾಸ್ಟಿಕ್ಕಿನದು, ತಲೆಗೆ ನೈಲಾನ್ ಬಲೆ. ಗೋಲ್‌ಕೀಪರನ ಕೋಲಿನ ತಲೆ ಒಂದು ಅಡಿಯಷ್ಟು ಅಗಲ. ಚೆಂಡು ಗಟ್ಟಿ ರಬ್ಬರಿನದು, ತೂಕ ಸುಮಾರು 145 ಗ್ರಾಂ, ಸುತ್ತಳತೆ 20 ಸೆಂಟಿಮೀಟರ್. ಕ್ರಿಕೆಟ್ ಚೆಂಡಿಗಿಂತ ಸ್ವಲ್ಪ ಹಗುರ, ಸ್ವಲ್ಪ ಚಿಕ್ಕದು. ಹಾಗೆಂದು ಸಸಾರ ಮಾಡಬೇಡಿ. ಪಳಗಿದ ಪುರುಷ ಆಟಗಾರರು ಇದನ್ನು ಗಂಟೆಗೆ 160 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಎಸೆಯುತ್ತಾರೆ, ಏಕೆಂದರೆ ಕೋಲು ತೋಳನ್ನು ಒಂದು ಮೀಟರಿನಷ್ಟು ಉದ್ದ ಮಾಡುತ್ತದೆ.

ರಕ್ಷಣೆಯ ಸಲಕರಣೆ ಪುರುಷರಿಗೆ ಒಂದು, ಮಹಿಳೆಯರಿಗೆ ಇನ್ನೊಂದು. ಪುರುಷರು ಮುಖಕ್ಕೆ ಜಾಲರಿ ಇರುವ ಹೆಲ್ಮೆಟ್, ಕೈಗವಸು, ಭುಜ ಮತ್ತು ಮೊಣಕೈ ಪ್ಯಾಡುಗಳು, ಹಲ್ಲಿನ ರಕ್ಷಕ ಹಾಕುತ್ತಾರೆ. ಮಹಿಳೆಯರ ಆಟದಲ್ಲಿ ಮೈ ತಾಗಿಸುವುದಕ್ಕೆ ಅವಕಾಶವಿಲ್ಲದ ಕಾರಣ ಕಣ್ಣಿನ ರಕ್ಷಕ ಮತ್ತು ಹಲ್ಲಿನ ರಕ್ಷಕ ಮುಖ್ಯ. ಎರಡರಲ್ಲಿಯೂ ಗೋಲ್‌ಕೀಪರನಿಗೆ ಹೆಲ್ಮೆಟ್, ಕೊರಳಿನ ಕಾಪು, ಎದೆಗವಚ ಕಡ್ಡಾಯ.

ಇವೆಲ್ಲ ಕಾರವಾರದ ಅಂಗಡಿಯಲ್ಲಿ ಸಿಗುವುದಿಲ್ಲ, ಆನ್‌ಲೈನ್ ತರಿಸಿದರೆ ಬೆಲೆ ಹೆಚ್ಚು. ನನ್ನ ಸಲಹೆ ಹೀಗೆ: ಮೊದಲ ಎರಡು ತಿಂಗಳು ಗಟ್ಟಿ ಚೆಂಡನ್ನು ಮುಟ್ಟಲೇಬೇಡಿ. ಟೆನಿಸ್ ಚೆಂಡು ಸಾಕು. ಅದರ ತೂಕ 58 ಗ್ರಾಮಿನ ಆಸುಪಾಸು, ಗಾತ್ರ ಮಾತ್ರ ಹೆಚ್ಚುಕಡಿಮೆ ಅಷ್ಟೇ. ಹಗುರವಾದ್ದರಿಂದ ಬಲೆಯಿಂದ ಬೇಗ ಪುಟಿಯುತ್ತದೆ. ಅದನ್ನು ಹಿಡಿಯಲು ಕಲಿತವರಿಗೆ ನಿಜವಾದ ಚೆಂಡು ಸುಲಭ ಅನ್ನಿಸುತ್ತದೆ. ನಾಲ್ಕೈದು ಕೋಲು ಕೊಂಡು ಉಳಿದವನ್ನು ಮನೆಯಲ್ಲಿಯೇ ಕಟ್ಟಿಕೊಳ್ಳಬಹುದು.

ಕೋಲು ಕಟ್ಟುವುದು

ಮೂಲನಿವಾಸಿಗಳು ಹಿಕರಿ ಮರದ ಹಸಿ ಸೀಳನ್ನು ಹಬೆಯಲ್ಲಿ ಮೆತ್ತಗೆ ಮಾಡಿ ತುದಿಯನ್ನು ಬಾಗಿಸುತ್ತಿದ್ದರು. ನಮಗೆ ಘಟ್ಟದ ಬೆತ್ತ ಇದೆ, ಬಿದಿರು ಇದೆ. ಒಂದು ಮೀಟರ್ ಉದ್ದದ, ಹೆಬ್ಬೆರಳಿಗಿಂತ ತುಸು ದಪ್ಪನೆಯ ಗಟ್ಟಿ ಬಿದಿರನ್ನು ಆರಿಸಿಕೊಳ್ಳಿ. ಗಂಟುಗಳನ್ನು ಕೆತ್ತಿ, ಮರಳು ಕಾಗದದಿಂದ ಉಜ್ಜಿ. ಸಿಬಿರು ಉಳಿದರೆ ಮಕ್ಕಳ ಅಂಗೈ ಹರಿಯುತ್ತದೆ. ಎಂಬತ್ತು ಸೆಂಟಿಮೀಟರ್ ಬೆತ್ತವನ್ನು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ. ಮೆತ್ತಗಾದ ಮೇಲೆ ನಡುವೆ ಬಾಗಿಸಿ, ಮೇಲೆ ಅಗಲ, ಕೆಳಗೆ ಕಿರಿದಾಗುವ ಆಕಾರಕ್ಕೆ ತನ್ನಿ. ಬಾಯಿಯ ಒಳ ಅಗಲ 17 ಸೆಂಟಿಮೀಟರ್, ಉದ್ದ 25 ಸೆಂಟಿಮೀಟರ್ ಇರಲಿ. ಎರಡೂ ತುದಿಗಳನ್ನು ಬಿದಿರಿನ ಎರಡು ಮಗ್ಗುಲಿಗೆ ಹೊಂದಿಸಿ ನೈಲಾನ್ ಹುರಿಯಿಂದ ಬಿಗಿಯಾಗಿ ಸುತ್ತಿ, ಎರಡು ದಿನ ನೆರಳಿನಲ್ಲಿ ಒಣಗಲು ಬಿಡಿ. ಬಿಸಿಲಿಗೆ ಇಟ್ಟರೆ ಬೆತ್ತ ಬಿರಿಯುತ್ತದೆ.

ಬಲೆಯ ಕೆಲಸದಲ್ಲಿ ನಾನು ಬೈತಖೋಲದ ಬಂದರಿನಲ್ಲಿ ಬಲೆ ದುರಸ್ತಿ ಮಾಡುವ ಹಿರಿಯರೊಬ್ಬರ ಮುಂದೆ ಕುಳಿತು ಕಲಿತೆ. ನಾನು ಒಯ್ದಿದ್ದ ತೆಳು ಬಲೆಯನ್ನು ಅವರು ಬೆರಳಲ್ಲಿ ಹಿಡಿದು ನೋಡಿ, "ಇದು ಮೀನಿನ ಕಿವಿ ಸಿಕ್ಕಿಸುವ ಬಲೆ ಮಾಸ್ತರೇ, ಪೆಟ್ಟು ತಡೆಯುವುದಿಲ್ಲ. ಟ್ರಾಲ್ ಬೋಟಿನದು ತನ್ನಿ" ಎಂದರು. ಅವರ ಮಾತು ಸರಿಯಾಗಿತ್ತು. ಟ್ರಾಲ್ ಬಲೆಯ ದಪ್ಪ ಹುರಿ, ಮೂರು ಸೆಂಟಿಮೀಟರಿನ ಕಣ್ಣು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಹತ್ತು ಕಣ್ಣು ಅಗಲದ ತುಂಡು ಕತ್ತರಿಸಿ, ಮೊದಲು ತಲೆಯ ಮೇಲಂಚಿಗೆ ಕಣ್ಣು ಕಣ್ಣಿಗೂ ಹುರಿ ಹಾಕಿ ಬಿಗಿಯಾಗಿ ಕಟ್ಟಿ. ಆಮೇಲೆ ಎರಡೂ ಮಗ್ಗುಲುಗಳಲ್ಲಿ ಇಳಿಯುತ್ತ ಬನ್ನಿ. ಮಗ್ಗುಲಿನಲ್ಲಿ ಸ್ವಲ್ಪ ಸಡಿಲ ಬಿಟ್ಟಾಗಲೇ ಚೀಲ ಮೂಡುವುದು. ಬುಡದ ತುದಿಯನ್ನು ಬಿಚ್ಚಬಹುದಾದ ಗಂಟಿನಿಂದ ಕಟ್ಟಿ, ಆಳವನ್ನು ಆಗಾಗ ಹೊಂದಿಸಬೇಕಾಗುತ್ತದೆ. ಕೊನೆಯಲ್ಲಿ ಬಾಯಿಯಿಂದ ನಾಲ್ಕು ಬೆರಳು ಕೆಳಗೆ ಒಂದು ದಪ್ಪ ಹುರಿಯನ್ನು ಅಡ್ಡಲಾಗಿ ನೇಯಿರಿ. ಚೆಂಡು ಹೊರಡುವಾಗ ದಾರಿ ತೋರಿಸುವುದು ಈ ಹುರಿಯೇ.

ಚೀಲದ ಆಳ ಸರಿಯಿದೆಯೇ ಎಂದು ನೋಡುವ ವಿಧಾನ ಅಧಿಕೃತ ಪಂದ್ಯಗಳಲ್ಲಿಯೂ ಹೀಗೇ ಇದೆ: ಕೋಲನ್ನು ಕಣ್ಣಿನ ಮಟ್ಟಕ್ಕೆ ಅಡ್ಡ ಹಿಡಿದು ಚೆಂಡು ಹಾಕಿ. ಮಗ್ಗುಲಿನ ಕೆಳ ಅಂಚಿಗಿಂತ ಚೆಂಡಿನ ನೆತ್ತಿ ಕೆಳಗೆ ಇಳಿದು ಬೆಳಕು ಕಂಡರೆ ಚೀಲ ತೀರ ಆಳವಾಯಿತು. ಮಹಿಳೆಯರ ಆಟದಲ್ಲಿ ಚೀಲ ಇನ್ನೂ ಆಳ ಕಡಿಮೆ ಇರಬೇಕು. ಹೊಸಬರಿಗೆ ನಡುವಿನ ಆಳ ಒಳ್ಳೆಯದು. ಆಳದ ಚೀಲದಲ್ಲಿ ಚೆಂಡು ನಿಲ್ಲುತ್ತದೆ ನಿಜ, ಆದರೆ ಎಸೆಯಲು ಹೋದರೆ ಹೊರಗೇ ಬರುವುದಿಲ್ಲ.

ಮೊದಲ ಹೆಜ್ಜೆ: ಹಿಡಿತ ಮತ್ತು ತೂಗುವುದು

ಬಲಗೈಯವರ ಲೆಕ್ಕದಲ್ಲಿ ಹೇಳುತ್ತೇನೆ. ಎಡಗೈ ಕೋಲಿನ ಬುಡವನ್ನು ಮುಚ್ಚಿ ಹಿಡಿಯಲಿ, ಬಲಗೈ ನಡುವಿಗಿಂತ ತುಸು ಮೇಲೆ ಇರಲಿ. ಕೋಲು ಅಂಗೈಯಲ್ಲಿ ಅಲ್ಲ, ಬೆರಳುಗಳಲ್ಲಿ ಕೂರಬೇಕು. ಕ್ರಿಕೆಟ್ ಬ್ಯಾಟಿನಂತೆ ಅದುಮಿ ಹಿಡಿದರೆ ಮಣಿಕಟ್ಟು ತಿರುಗುವುದಿಲ್ಲ.

ಓಡುವಾಗ ಚೆಂಡು ಚೀಲದಿಂದ ಬೀಳದಂತೆ ಕೋಲನ್ನು ಹಿಂದೆ ಮುಂದೆ ಆಡಿಸುತ್ತಲೇ ಇರಬೇಕು. ಇಂಗ್ಲಿಷಿನಲ್ಲಿ ಇದಕ್ಕೆ ತೊಟ್ಟಿಲಿನ ಹೆಸರೇ ಇದೆ. ನಾನು ಮಕ್ಕಳಿಗೆ "ತೂಗು" ಎಂದಷ್ಟೇ ಹೇಳುತ್ತೇನೆ. ನೀರು ತುಂಬಿದ ತಂಬಿಗೆಯನ್ನು ಕೈಯಲ್ಲಿ ಹಿಡಿದು ರಭಸದಿಂದ ಸುತ್ತು ತಿರುಗಿಸಿದರೆ ನೀರು ಚೆಲ್ಲದೆ ತಳಕ್ಕೆ ಒತ್ತಿಕೊಂಡಿರುತ್ತದಲ್ಲ, ಚೆಂಡು ಚೀಲದಲ್ಲಿ ಉಳಿಯುವುದೂ ಅದೇ ಕಾರಣಕ್ಕೆ. ಮೇಲಿನ ಕೈಯ ಮಣಿಕಟ್ಟು ಒಳಕ್ಕೆ ಮಡಚುತ್ತದೆ, ಬಿಚ್ಚುತ್ತದೆ. ಕೆಳಗಿನ ಕೈ ಕೋಲು ತಿರುಗಲು ಜಾಗ ಕೊಡುವ ಉಂಗುರದಂತೆ ಸಡಿಲವಾಗಿರುತ್ತದೆ. ಮೊದಲು ನಿಂತು, ಆಮೇಲೆ ನಡೆಯುತ್ತ, ಕೊನೆಗೆ ಓಡುತ್ತ. ಚೆಂಡನ್ನು ನೋಡದೆ ಇಪ್ಪತ್ತು ಹೆಜ್ಜೆ ನಡೆದರೆ ಮೊದಲ ಪಾಠ ಮುಗಿಯಿತು. ನಮ್ಮ ಮಕ್ಕಳಿಗೆ ಇದಕ್ಕೆ ಮೂರು ಸಂಜೆ ಬೇಕಾದವು.

ಎರಡನೆಯ ಹೆಜ್ಜೆ: ಹಿಡಿಯುವುದು

ಇಲ್ಲಿಯೇ ಹೆಚ್ಚು ಸಮಯ ಕೊಡಿ. ಹೊಸಬರು ಚೆಂಡು ಬಂದ ಕೂಡಲೇ ಬಲೆಯನ್ನು ಅದರತ್ತ ಬೀಸುತ್ತಾರೆ. ಬಿಗಿದ ಬಲೆಗೆ ಬಡಿದ ಚೆಂಡು ಹತ್ತು ಅಡಿ ದೂರ ಪುಟಿಯುತ್ತದೆ.

ಮಳೆಗಾಲಕ್ಕೆ ಮುಂಚೆ ಮನೆಗೆ ಹೆಂಚು ಹೊದೆಸುವುದನ್ನು ನೋಡಿದ್ದೀರಾ? ಕೆಳಗಿನವನು ಹೆಂಚನ್ನು ಮೇಲಕ್ಕೆ ಎಸೆಯುತ್ತಾನೆ, ಮಾಡಿನ ಮೇಲೆ ಕುಳಿತವನು ಹಿಡಿಯುತ್ತಾನೆ. ಹೆಂಚು ಕೈಗೆ ತಾಗುವ ಕ್ಷಣದಲ್ಲಿ ಅವನ ಕೈ ಹೆಂಚಿನ ಜೊತೆಗೇ ಒಂದು ಗೇಣು ಹಿಂದಕ್ಕೆ ಸರಿಯುತ್ತದೆ. ಅದು ಸರಿಯದಿದ್ದರೆ ಹೆಂಚು ಒಡೆಯುತ್ತದೆ, ಕೈಯೂ ಹರಿಯುತ್ತದೆ. ಲ್ಯಾಕ್ರಾಸ್‌ನಲ್ಲಿ ಹಿಡಿಯುವ ಗುಟ್ಟು ಅಷ್ಟೇ. ಕೋಲಿನ ತಲೆಯನ್ನು ಕಿವಿಯ ಪಕ್ಕ, ಮುಖಕ್ಕಿಂತ ತುಸು ಮುಂದೆ ಹಿಡಿದು ಬಲೆಯನ್ನು ಎಸೆಯುವವರಿಗೆ ತೋರಿಸಿ. ಚೆಂಡು ಬಲೆಯನ್ನು ಮುಟ್ಟುವಾಗ ಕೋಲನ್ನು ಅದರ ವೇಗದಲ್ಲಿಯೇ ಕಿವಿಯ ಹಿಂದಕ್ಕೆ ತೆಗೆದುಕೊಳ್ಳಿ, ಅಲ್ಲಿಂದ ನೇರವಾಗಿ ತೂಗಲು ಶುರುಮಾಡಿ. ಸರಿಯಾಗಿ ಹಿಡಿದಾಗ ಸದ್ದೇ ಬರುವುದಿಲ್ಲ. ಟಪ್ ಎಂದು ಸದ್ದಾದರೆ ಕೈ ಇನ್ನೂ ಗಡುಸಾಗಿದೆ ಎಂದು ತಿಳಿಯಿರಿ. ಕಣ್ಣು ಮುಚ್ಚಿ ನಿಂತು ಸದ್ದಿನಿಂದಲೇ ಯಾರ ಕೈ ಪಳಗಿದೆ ಎಂದು ಈಗ ನಾನು ಹೇಳಬಲ್ಲೆ.

ಮೊದಲು ಕೋಲಿಲ್ಲದವರು ಕೈಯಿಂದ ಮೂರು ಮೀಟರ್ ದೂರದಿಂದ ಚೆಂಡು ಎಸೆಯಲಿ. ಹತ್ತರಲ್ಲಿ ಏಳು ಹಿಡಿಯುವವರೆಗೆ ಎರಡು ಕೋಲುಗಳ ನಡುವಿನ ಎಸೆತಕ್ಕೆ ಹೋಗಬೇಡಿ.

ಮೂರನೆಯ ಹೆಜ್ಜೆ: ಎಸೆಯುವುದು

ಗುರಿಗೆ ಎಡ ಭುಜ ತೋರಿಸಿ ಓರೆಯಾಗಿ ನಿಲ್ಲಿ. ಕೋಲಿನ ತಲೆ ಬಲಗಿವಿಯ ಹಿಂದೆ, ಬುಡ ಗುರಿಯತ್ತ. ಎಡಗಾಲು ಮುಂದಿಡುತ್ತ ಮೇಲಿನ ಕೈಯಿಂದ ತಳ್ಳಿ, ಕೆಳಗಿನ ಕೈಯಿಂದ ಪಕ್ಕೆಗೆ ಎಳೆದುಕೊಳ್ಳಿ. ಎರಡೂ ಒಟ್ಟಿಗೆ ಆಗಬೇಕು. ಮೇಲಿನ ಕೈಯೊಂದೇ ಕೆಲಸ ಮಾಡಿದರೆ ಕಲ್ಲು ಎಸೆದಂತೆ ಆಗುತ್ತದೆ, ಬಲವೂ ಇಲ್ಲ, ಗುರಿಯೂ ಇಲ್ಲ. ಚೆಂಡು ಹೊರಟ ಮೇಲೆ ಕೋಲಿನ ತಲೆ ಗುರಿಯನ್ನೇ ನೋಡುತ್ತ ನಿಲ್ಲಲಿ.

ತಪ್ಪುಗಳು ಎರಡೇ ಬಗೆ. ಚೆಂಡು ಮುಂದೆಯೇ ನೆಲಕ್ಕೆ ಬಡಿದರೆ ಚೀಲ ಆಳವಾಗಿದೆ ಅಥವಾ ಕೋಲನ್ನು ತೀರ ಕೆಳಗಿನವರೆಗೆ ಎಳೆದಿದ್ದೀರಿ. ಆಕಾಶಕ್ಕೆ ಹಾರಿದರೆ ಕೋಲಿನ ತಲೆ ಬೆನ್ನ ಹಿಂದೆ ಮಲಗಿತ್ತು ಅಥವಾ ಚೀಲ ಬಿಗಿಯಾಗಿದೆ. ಮೊದಲು ಕೈ ತಿದ್ದಿಕೊಳ್ಳಿ, ಆಮೇಲೆ ಹುರಿಗೆ ಕೈ ಹಾಕಿ.

ಗೋಡೆ

ಈ ಆಟದ ಒಳ್ಳೆಯ ಆಟಗಾರರೆಲ್ಲರೂ ಗೋಡೆಯ ಮುಂದೆ ಬೆಳೆದವರು. ಗೋಡೆಗೆ ಬೇಸರವಿಲ್ಲ, ಎಸೆದದ್ದನ್ನು ಎಸೆದಂತೆಯೇ ಹಿಂದಿರುಗಿಸುತ್ತದೆ. ನಮ್ಮ ಕಡೆಯ ಒಂದು ತೊಡಕನ್ನು ಮಾತ್ರ ಗಮನಿಸಿ: ಗಾರೆ ಹಚ್ಚದ ಚಿರೇಕಲ್ಲಿನ ಗೋಡೆ ಬೇಡ. ಅದರ ಗುಳಿಗಳಿಗೆ ತಾಗಿದ ಚೆಂಡು ಎಲ್ಲೆಂದರಲ್ಲಿ ಪುಟಿದು ಹೊಸಬರ ಧೈರ್ಯ ಕೆಡಿಸುತ್ತದೆ. ಗಿಲಾವು ಮಾಡಿದ, ಕಿಟಕಿ ಇಲ್ಲದ ಗೋಡೆ ಹುಡುಕಿ, ನಿಮ್ಮ ತಲೆಗಿಂತ ಒಂದು ಅಡಿ ಎತ್ತರಕ್ಕೆ ಸುಣ್ಣದಿಂದ ಚೌಕ ಬರೆಯಿರಿ.

ಮೂರು ಮೀಟರ್ ದೂರದಲ್ಲಿ ನಿಂತು ಬಲಗೈ ಮೇಲಿಟ್ಟು 50, ಕೈ ಬದಲಿಸಿ ಎಡಗೈ ಮೇಲಿಟ್ಟು 50. ಎಡಗೈಯದನ್ನು ಬಿಟ್ಟುಬಿಡುವ ಆಸೆ ಎಲ್ಲರಿಗೂ ಆಗುತ್ತದೆ, ಬಿಡಬೇಡಿ. ಒಂದೇ ಕೈಯ ಆಟಗಾರನನ್ನು ಎದುರಾಳಿ ಐದು ನಿಮಿಷದಲ್ಲಿ ಗುರುತಿಸಿ ಆ ಬದಿಗೆ ಅಡ್ಡ ನಿಲ್ಲುತ್ತಾನೆ. ಎರಡನೆಯ ವಾರ ಐದು ಮೀಟರಿಗೆ ಸರಿಯಿರಿ. ಮೂರನೆಯ ವಾರ ಗೋಡೆಯ ಉದ್ದಕ್ಕೂ ನಡೆಯುತ್ತ ಎಸೆದು ಹಿಡಿಯಿರಿ. ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಭಾನುವಾರ ಎರಡು ಗಂಟೆ ಒಟ್ಟಿಗೆ ಮಾಡುವುದಕ್ಕಿಂತ ದಿನದ ಇಪ್ಪತ್ತು ನಿಮಿಷವೇ ಕೈಯನ್ನು ಪಳಗಿಸುತ್ತದೆ.

ಮಳೆಗಾಲ ಶುರುವಾದರೆ ಸಿರ್ಸಿ, ಸಿದ್ದಾಪುರ, ಯಲ್ಲಾಪುರದ ಕಡೆ ತಿಂಗಳುಗಟ್ಟಲೆ ಮೈದಾನ ಕೆಸರು. ಆ ಕಾಲ ಗೋಡೆಗೆ ಮೀಸಲಾಗಲಿ. ಶಾಲೆಯ ಜಗಲಿಯಲ್ಲಿ ಒಂದು ಗೋಡೆ ಸಿಕ್ಕರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ದಿನಗಳು ದಂಡವಾಗುವುದಿಲ್ಲ.

ನಾಲ್ಕನೆಯ ಹೆಜ್ಜೆ: ನೆಲದ ಚೆಂಡು

ಎಷ್ಟೇ ಪಳಗಿದರೂ ಚೆಂಡು ನೆಲಕ್ಕೆ ಬೀಳುತ್ತದೆ, ಅದನ್ನು ಮೊದಲು ಎತ್ತಿಕೊಂಡ ತಂಡವೇ ಹೆಚ್ಚು ಹೊತ್ತು ಆಡುತ್ತದೆ. ಗೋಲ್‌ಕೀಪರ್ ಬಿಟ್ಟು ಬೇರೆ ಯಾರೂ ಕೈಯಿಂದ ಚೆಂಡು ಮುಟ್ಟುವಂತಿಲ್ಲವಾದ್ದರಿಂದ ಬಲೆಯಿಂದಲೇ ಬಾಚಬೇಕು.

ಅಂಗಳದಲ್ಲಿ ಅಡಿಕೆ ಹರವಿದಾಗ ಮಳೆಯ ಹನಿ ಬಿದ್ದರೆ ಮನೆಯವರು ಹೇಗೆ ಬಾಚುತ್ತಾರೆ? ಮಂಡಿ ಬಾಗಿಸಿ, ಹಿಡಿಯನ್ನು ನೆಲಕ್ಕೆ ಸಮನಾಗಿ ಇಳಿಸಿ, ನಿಲ್ಲದೆ ಮುಂದಕ್ಕೆ ತಳ್ಳುತ್ತ. ಅದೇ ಭಂಗಿ ಇಲ್ಲಿಯೂ ಬೇಕು. ಚೆಂಡಿನ ಪಕ್ಕಕ್ಕೆ ಕಾಲಿಡಿ, ಕೋಲಿನ ಬುಡ ಮೊಣಕಾಲಿಗಿಂತ ಕೆಳಗೆ ಬರಲಿ, ಚೆಂಡಿಗೆ ಒಂದು ಗೇಣು ಮೊದಲೇ ತಲೆ ನೆಲ ಮುಟ್ಟಲಿ. ಎತ್ತಿದ ಮೇಲೆ ನಿಲ್ಲಬೇಡಿ, ಐದು ಹೆಜ್ಜೆ ಓಡುತ್ತ ಕೋಲನ್ನು ಕಿವಿಯ ಪಕ್ಕಕ್ಕೆ ತಂದು ತೂಗಿ. ಒಂದು ಎಚ್ಚರಿಕೆ: ಬುಡ ಯಾವಾಗಲೂ ಸೊಂಟದ ಪಕ್ಕಕ್ಕೆ ಇರಲಿ. ಹೊಟ್ಟೆಯ ಮುಂದೆ ಹಿಡಿದರೆ ಕೋಲು ನೆಲಕ್ಕೆ ಸಿಕ್ಕಿಕೊಂಡಾಗ ನಿಮ್ಮ ಹೊಟ್ಟೆಗೇ ಚುಚ್ಚುತ್ತದೆ. ನಮ್ಮ ಹುಡುಗನೊಬ್ಬ ಹಾಗೆ ಮಾಡಿಕೊಂಡು ಹತ್ತು ನಿಮಿಷ ಉಸಿರಿಗೆ ಕಷ್ಟಪಟ್ಟ. ಅಂದಿನಿಂದ ಪ್ರತಿ ಸಂಜೆ ಇದನ್ನು ಹೇಳಿಯೇ ಶುರುಮಾಡುತ್ತೇನೆ.

ಗೋಲ್‌ಕೀಪರ್

ಗೋಲು ಆರು ಅಡಿ ಉದ್ದ, ಆರು ಅಡಿ ಎತ್ತರದ ಚೌಕ. ಅದರ ಸುತ್ತ ಸುಮಾರು ಮೂರು ಮೀಟರ್ ತ್ರಿಜ್ಯದ ವೃತ್ತಕ್ಕೆ ಕ್ರೀಸ್ ಎನ್ನುತ್ತಾರೆ, ಆಕ್ರಮಣದವರು ಅದರೊಳಗೆ ಕಾಲಿಡುವಂತಿಲ್ಲ. ಗೋಲ್‌ಕೀಪರ್ ಚೆಂಡನ್ನು ಕೋಲಿನಿಂದ ಅಥವಾ ಮೈಯಿಂದ ತಡೆಯುತ್ತಾನೆ, ತಡೆದದ್ದನ್ನು ಕೂಡಲೇ ದೂರದ ಗೆಳೆಯನಿಗೆ ಎಸೆದು ತನ್ನ ತಂಡದ ಆಕ್ರಮಣ ಶುರುಮಾಡುತ್ತಾನೆ. ಧೈರ್ಯಕ್ಕಿಂತ ಮೊದಲ ಹೆಜ್ಜೆಯ ಚುರುಕು ಮುಖ್ಯ: ಚೆಂಡು ಬರುವ ದಿಕ್ಕಿಗೆ ಮೈ ಪೂರ್ತಿ ಹೋಗಬೇಕು, ಕೋಲು ಮಾತ್ರ ಹೋದರೆ ಸಾಲದು.

ಶಿಕ್ಷಕರಿಗೂ ಪಾಲಕರಿಗೂ ಒಂದು ಮಾತು. ಸರಿಯಾದ ಎದೆಗವಚ, ಕೊರಳಿನ ಕಾಪು, ಲ್ಯಾಕ್ರಾಸ್ ಹೆಲ್ಮೆಟ್ ಇಲ್ಲದೆ ಯಾವ ಮಗುವನ್ನೂ ಗಟ್ಟಿ ಚೆಂಡಿನ ಮುಂದೆ ನಿಲ್ಲಿಸಬೇಡಿ. ಎದೆಯ ಮೇಲೆ ಹೃದಯದ ನೇರಕ್ಕೆ, ಬಡಿತದ ಒಂದು ನಿರ್ದಿಷ್ಟ ಕ್ಷಣದಲ್ಲಿ ಚೆಂಡು ಬಡಿದರೆ ಹೃದಯದ ಲಯವೇ ತಪ್ಪಿಹೋಗಬಹುದು. ಆರೋಗ್ಯವಂತ ಮಕ್ಕಳಿಗೂ ಇದು ಆಗುತ್ತದೆ, ಅಪರೂಪವಾದರೂ ಪ್ರಾಣಕ್ಕೇ ಬರುತ್ತದೆ. ಹಾಗಾದಾಗ ಆ ಕ್ಷಣದಲ್ಲಿಯೇ ಎದೆ ಒತ್ತುವ ಪ್ರಥಮ ಚಿಕಿತ್ಸೆ ಆರಂಭಿಸಬೇಕು, 108ಕ್ಕೆ ಕರೆ ಹೋಗಬೇಕು. ಆ ಚಿಕಿತ್ಸೆಯನ್ನು ಕಲಿತವರೊಬ್ಬರು ಮೈದಾನದಲ್ಲಿ ಇರಲಿ. ಟೆನಿಸ್ ಚೆಂಡಿನ ಅಭ್ಯಾಸಕ್ಕೂ ಕೀಪರನಿಗೆ ಕ್ರಿಕೆಟ್ ಹೆಲ್ಮೆಟ್ ಹಾಕಿಸಿ.

ಮರಳಿನ ಮೇಲೆ ಅಂಗಳ

ಕಾರವಾರದ ಟ್ಯಾಗೋರ್ ಕಡಲತೀರ ಅಗಲವಾಗಿದೆ, ಇಳಿತದ ಹೊತ್ತಿನಲ್ಲಿ ನೀರಿನ ಅಂಚಿನ ಒದ್ದೆ ಮರಳು ಗಟ್ಟಿಯಾಗಿ ಓಡಲು ಹದವಾಗಿರುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಇನ್ನೂ ದೂರ ಸರಿಯುತ್ತದೆ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷದಂತೆ ಮುಂದಕ್ಕೆ ಹೋಗುವುದರಿಂದ ಇಂದಿನ ಹೊತ್ತಿಗೇ ನಾಳೆಯೂ ಬಂದರೆ ಜಾಗ ಕಡಿಮೆಯಾಗಿರುತ್ತದೆ. ದೋಣಿಯವರನ್ನು ಕೇಳಿಕೊಂಡು ವಾರದ ಸಮಯ ಗೊತ್ತುಮಾಡಿ. ಒದ್ದೆ ಮರಳಿನಲ್ಲಿ ಚೆಂಡು ಪುಟಿಯುವುದು ಕಡಿಮೆ, ಆದ್ದರಿಂದ ನೆಲಕ್ಕೆ ಬಡಿದು ಹೋಗುವ ಹೊಡೆತ ಇಲ್ಲಿ ಕಲಿಯಲಾಗದು. ಬದಲಿಗೆ ಬಿದ್ದರೆ ಮೈಗೆ ಪೆಟ್ಟಾಗುವುದಿಲ್ಲ. ಎರಡೂ ಗೋಲುಗಳು ತೀರದ ಉದ್ದಕ್ಕೆ ಇರಲಿ. ಸಮುದ್ರಕ್ಕೆ ಮುಖಮಾಡಿ ಗೋಲು ನಿಲ್ಲಿಸಿದರೆ ತಪ್ಪಿದ ಪ್ರತಿ ಚೆಂಡಿನ ಹಿಂದೆ ಮಗುವೊಂದು ನೀರಿಗೆ ಇಳಿಯುತ್ತದೆ, ಅದು ಆಗಕೂಡದು. ಮಳೆಗಾಲದಲ್ಲಿ ತೀರಕ್ಕೆ ಹೋಗಲೇಬೇಡಿ.

ಪೂರ್ತಿ 70 ಮೀಟರ್ ಮೊದಲ ದಿನವೇ ಬೇಕಿಲ್ಲ. 30 ಹೆಜ್ಜೆ ಉದ್ದ, 20 ಹೆಜ್ಜೆ ಅಗಲದ ಅಂಗಳದಲ್ಲಿ ಬದಿಗೆ ಮೂವರಂತೆ, ಕೀಪರ್ ಇಲ್ಲದೆ ಆಡಿಸಿ. ನಾನು ಹಾಕಿದ ನಿಯಮ ಒಂದೇ: ಮೂವರೂ ಒಮ್ಮೆ ಚೆಂಡು ಹಿಡಿದ ಮೇಲೆಯೇ ಗೋಲಿಗೆ ಎಸೆಯಬೇಕು. ಮೈ ತಾಗಿಸುವಂತಿಲ್ಲ, ಎದುರಾಳಿಯ ಕೋಲಿಗೆ ಕೋಲು ಬಡಿಯುವಂತಿಲ್ಲ. ಚೆಂಡು ಇಲ್ಲದವರು ಎಲ್ಲಿ ನಿಲ್ಲಬೇಕೆಂಬುದನ್ನು ಈ ಸಣ್ಣ ಆಟ ಎಷ್ಟು ಚೆನ್ನಾಗಿ ಕಲಿಸುತ್ತದೆಂದರೆ ನಾನು ಹೇಳುವುದೇನೂ ಉಳಿಯಲಿಲ್ಲ.

ನಿಜವಾದ ಪಂದ್ಯ

ಆರೇಳು ವಾರಗಳ ನಂತರ ಸಿಕ್ಸಸ್ ನಿಯಮಗಳಿಗೆ ಬನ್ನಿ. ಪ್ರತಿ ಅವಧಿ ಶುರುವಾಗುವಾಗ ನಡುವೆ ಇಬ್ಬರು ಚೆಂಡಿಗಾಗಿ ಸೆಣಸುತ್ತಾರೆ. ಪುರುಷರು ನೆಲದ ಮೇಲಿಟ್ಟ ಚೆಂಡಿಗೆ, ಮಹಿಳೆಯರು ನಿಂತು ಎರಡು ಕೋಲುಗಳ ನಡುವೆ ಹಿಡಿದ ಚೆಂಡಿಗೆ. ಗೋಲಾದ ಮೇಲೆ ನಡುವಿಗೆ ಹೋಗುವುದಿಲ್ಲ, ಗೋಲು ತಿಂದ ತಂಡದ ಕೀಪರ್ ಗೋಲಿನೊಳಗಿಂದ ಚೆಂಡು ತೆಗೆದು ತಕ್ಷಣ ಎಸೆಯುತ್ತಾನೆ. ಚೆಂಡು ಸಿಕ್ಕ ತಂಡ 30 ಸೆಕೆಂಡಿನೊಳಗೆ ಗೋಲಿಗೆ ಎಸೆಯಬೇಕು. ಆಟ ನಿಲ್ಲಿಸದೆಯೇ ಆಟಗಾರರನ್ನು ಬದಲಿಸಬಹುದು. ತಂಡದಲ್ಲಿ ಒಟ್ಟು 12 ಜನ ಇರುತ್ತಾರೆ, ಅಷ್ಟೂ ಜನ ಬೇಕಾಗುತ್ತಾರೆ, ಏಕೆಂದರೆ ಈ ಓಟಕ್ಕೆ ಎರಡು ನಿಮಿಷದಲ್ಲಿ ಉಸಿರು ಹಾರುತ್ತದೆ. ತಪ್ಪು ಮಾಡಿದವನು ಸ್ವಲ್ಪ ಹೊತ್ತು ಹೊರಗೆ ಕೂರುತ್ತಾನೆ, ಆಗ ಅವನ ತಂಡ ಒಬ್ಬ ಕಡಿಮೆಯಾಗಿ ಆಡುತ್ತದೆ.

ಕ್ರಿಕೆಟ್ಟಿನಿಂದ ಬಂದವರಿಗೆ ಬೆರಗಾಗುವ ಒಂದು ನಿಯಮ ದೊಡ್ಡ ಮೈದಾನದ ಆಟದಲ್ಲಿದೆ. ಗೋಲಿಗೆ ಎಸೆದ ಚೆಂಡು ಗುರಿ ತಪ್ಪಿ ಗೆರೆ ದಾಟಿದರೆ, ಆ ಕ್ಷಣದಲ್ಲಿ ಅದಕ್ಕೆ ಅತಿ ಹತ್ತಿರ ಇದ್ದವನ ತಂಡಕ್ಕೆ ಚೆಂಡು. ಆದ್ದರಿಂದ ಎಸೆತ ಹೊರಟ ಕೂಡಲೇ ಒಬ್ಬ ಗೋಲಿನ ಹಿಂದಕ್ಕೆ ಓಡುವುದನ್ನು ನೋಡುತ್ತೀರಿ. ನಮ್ಮ ಮಕ್ಕಳಿಗೆ ಈ ನಿಯಮ ಬಹಳ ಮೆಚ್ಚಿಗೆಯಾಯಿತು, ನಾವು ಅದನ್ನು ನಮ್ಮ ಸಣ್ಣ ಆಟಕ್ಕೂ ತಂದುಕೊಂಡಿದ್ದೇವೆ.

ಆಟ ಮುಗಿದ ಮೇಲೆ

ಉಪ್ಪುಗಾಳಿ ಈ ಸಲಕರಣೆಗೆ ಶತ್ರು. ಕಡಲತೀರದಿಂದ ಬಂದ ದಿನ ಕೋಲನ್ನು ಬಾವಿಯ ನೀರಿನಲ್ಲಿ ತೊಳೆದು, ಬಲೆಯ ಮರಳು ಉದುರಿಸಿ, ನೆರಳಿನಲ್ಲಿ ತೂಗುಹಾಕಿ. ಉಪ್ಪು ಕುಳಿತ ಅಲ್ಯೂಮಿನಿಯಂ ದಂಡದ ಮೇಲೆ ಬಿಳಿ ಪೊರೆ ಏಳುತ್ತದೆ, ತಲೆ ಕೂರಿಸಿದ ತಿರುಪು ತುಕ್ಕು ಹಿಡಿದು ಬಿಚ್ಚಲು ಬಾರದಾಗುತ್ತದೆ. ಬೆತ್ತದ ತಲೆಗೆ ತಿಂಗಳಿಗೊಮ್ಮೆ ಎಣ್ಣೆ ಸವರಿ. ವಾರಕ್ಕೊಮ್ಮೆ ಚೀಲದ ಆಳ ನೋಡಿ, ಇಳಿದಿದ್ದರೆ ಬುಡದ ಗಂಟು ಬಿಚ್ಚಿ ಒಂದು ಕಣ್ಣು ಮೇಲಕ್ಕೆ ಎಳೆದು ಮತ್ತೆ ಕಟ್ಟಿ. ಮೊದಮೊದಲು ನಮ್ಮ ಎಲ್ಲ ಕೋಲುಗಳನ್ನೂ ನಾನೇ ಹೊತ್ತುಕೊಂಡು ಬಂದರಿಗೆ ಹೋಗುತ್ತಿದ್ದೆ. ಈಗ ಪತ್ರಿಕೆ ತೋರಿಸಿ ಪ್ರಶ್ನೆ ಕೇಳಿದ್ದ ಆ ಹುಡುಗಿ ಶನಿವಾರದ ಆಟ ಮುಗಿದ ಮೇಲೆ ಜಗಲಿಯಲ್ಲಿ ಕುಳಿತು ಹನ್ನೆರಡನ್ನೂ ಒಬ್ಬಳೇ ಬಿಗಿಯುತ್ತಾಳೆ.